ವೀರರು ಬೇರೆಬೇರೆಯಾಗಿ ಕಾದುವುದೇಕೆ?

ಮಹಾಭಾರತದಲ್ಲಿ, ಸರೋವರದಿಂದ ಮೇಲೆದ್ದ ದುರ್ಯೋಧನನಿಗೆ ತಮ್ಮೈವರಲ್ಲಿ ಒಬ್ಬನನ್ನು ಆರಿಸಿಕೊಂಡು ಕಾದಬಹುದೆಂದು ಧರ್ಮರಾಯನು ಹೇಳಿದನು. ಆಗ ನಡೆದ ದ್ವಂದ್ವವೇ ರನ್ನಕವಿಯ ‘ಗದಾಯುದ್ಧ’ದ ವಸ್ತು. ಐವರೂ ಒಟ್ಟಾಗಿ ಏಕೆ ಮೇಲೆ ಬೀಳಲಿಲ್ಲ? ಇದಕ್ಕೆ ಧರ್ಮಶಾಸ್ತ್ರದ ಉತ್ತರವಿರುವಂತೆ ಗಣಿತದ ಉತ್ತರವೂ ಉಂಟು.

ಎಲ್ಲರೂ ಸಮಾನ ಕುಶಲರೆಂದೂ ಏಕಕಾಲದಲ್ಲಿ ಹೊಡೆಯಬಲ್ಲರೆಂದೂ ಭಾವಿಸೋಣ. ಒಬ್ಬನು ಒಂದು ಪೆಟ್ಟು ಕೊಡುವಷ್ಟರಲ್ಲಿ ಅವನ ಮೇಲೆ 5 ಪೆಟ್ಟುಗಳು ಬೀಳುತ್ತವೆ. ಅವನ ಪೆಟ್ಟುಗಳಾದರೋ ಐವರಲ್ಲಿ ಹಂಚಿಹೋಗುತ್ತವೆ. ಆದುದರಿಂದ ಐವರ ಮೇಲುಗೈ 5ರಷ್ಟಲ್ಲ; 5 × 5, ಅಂದರೆ 25ರಷ್ಟು. ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರನು 1916ರ ತನ್ನ ಗ್ರಂಥದಲ್ಲಿ ಈ ವರ್ಗನಿಯಮವನ್ನು ವಿವರಿಸಿದ್ದಾನೆ.

ಬಾಹ್ಯಾಕಾಶದ ಅದ್ಭುತಕಥೆಗಳೂ ಈ ಲೆಕ್ಕಕ್ಕೆ ಹೊರತಲ್ಲ. ‘ಸ್ಟಾರ್ ವಾರ್ಸ್’ ಮಾಲೆಯ 1983ರ ಚಿತ್ರವಾದ ‘ರಿಟರ್ನ್ ಆಫ್ ದಿ ಜೇಡೈ’ಯನ್ನು ತೆಗೆದುಕೊಳ್ಳೋಣ. ಹಾನ್ ಮತ್ತು ಲೇಯಾ ಎಂಡೋರಿನ ಕಾಡಿನಲ್ಲಿ ಶತ್ರುವಿನ ರಕ್ಷಾಕವಚದ ಯಂತ್ರವನ್ನು ಕೆಡಿಸಬೇಕು. ಅದು ಕೆಡದ ಹೊರತು ಲ್ಯಾಂಡೋವಿನ ನೌಕೆಗಳು ಆಕಾಶದ ಕೋಟೆಯನ್ನು ಹೊಗಲಾರವು. ಕೆಲಸವು ಹೀಗೆ ಹಂಚಿಹೋದುದರಿಂದ ಲ್ಯೂಕನು ವೇಡರನ ಎದುರು ಒಬ್ಬನೇ ಉಳಿಯುತ್ತಾನೆ. ಎಲ್ಲರೂ ಅವನ ಜೊತೆಗಿದ್ದರೆ ಗೆಲುವನ್ನು ಸಂಖ್ಯೆಯೇ ನಿರ್ಣಯಿಸುತ್ತಿತ್ತು. ಒಂದರ ವರ್ಗ ಒಂದೇ ಆದುದರಿಂದ, ಒಬ್ಬನಿಗೆ ಒಬ್ಬನಾದಾಗ ನಿರ್ಣಾಯಕವಾಗುವುದು ಕುಶಲತೆ ಮತ್ತು ಮನಸ್ಸು. ಸೋತ ತಂದೆಯನ್ನು ಕೊಲ್ಲದೆ ಲ್ಯೂಕನು ಆಯುಧವನ್ನು ಎಸೆದುಬಿಡುವುದು ಇಂತಹ ಏಕಾಂತದಲ್ಲಿಯೇ.

ಷಡ್ರಥರು ಅಭಿಮನ್ಯುವನ್ನು ಮುತ್ತಿದಾಗ ಅವರ ಮೇಲುಗೈ ಎಷ್ಟಿತ್ತೆಂಬುದನ್ನು ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಲಿ; ಅದನ್ನು ನಾವು ಇಂದಿಗೂ ಅನ್ಯಾಯವೆಂದೇ ಏಕೆ ಕರೆಯುತ್ತೇವೆಂಬುದು ಆಗ ತಿಳಿಯುವುದು.