ತೆರವೋ, ಸ್ವಾಧೀನವೋ? ನೋಟಿಸಿನಲ್ಲಿ ಮೊದಲು ಹುಡುಕಬೇಕಾದ ಮಾತು

ರಾಯಚೂರಿನ ಹಳೆಯ ಓಣಿಗಳಲ್ಲಿ ರಸ್ತೆ ಅಗಲವಾಗುವ ಸುದ್ದಿ ಮೊದಲು ಕಾಗದದಲ್ಲಿ ಬರುವುದಿಲ್ಲ, ಗೋಡೆಯ ಮೇಲೆ ಬರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬಾಗಿಲ ಪಕ್ಕ ಕೆಂಪು ಗೀಟು, ಅದರ ಜೊತೆಗೊಂದು ಅಂಕಿ. "ಗ್ವಾಡಿ ಮ್ಯಾಲ ಮಾರ್ಕ್ ಹಾಕಿ ಹೋಗ್ಯಾರ್ರೀ, ಮುಂದೇನ್ ಮಾಡೋದು?" ಎಂದು ಜನ ಕೇಳುತ್ತಾರೆ. ಆ ಗೀಟು ಕಾನೂನಿನ ಕಣ್ಣಿಗೆ ನೋಟಿಸ್ ಅಲ್ಲ. ಅಳತೆಗೆ ಬಂದವರು ತಮ್ಮ ಅನುಕೂಲಕ್ಕೆ ಹಾಕಿಕೊಂಡ ಗುರುತು ಅಷ್ಟೆ. ಸುಣ್ಣ ಬಳಿದು ಅಳಿಸಬೇಡಿ. ಅದರ ಫೋಟೊ ತೆಗೆದು, ತೆಗೆದ ದಿನಾಂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಕಡತದ ಮೊದಲ ಪುಟ ಅದೇ.

ಕಾಗದ ಆಮೇಲೆ ಬರುತ್ತದೆ. ಬಂದಾಗ ಬಹುತೇಕರು ಕೊನೆಯ ಸಾಲಿಗೆ ಹಾರಿ, ಎಷ್ಟು ದಿನದಲ್ಲಿ ಖಾಲಿ ಮಾಡಬೇಕು ಎಂದು ನೋಡುತ್ತಾರೆ. ನಾನಾದರೆ ಮೊದಲ ಸಾಲಿನಲ್ಲಿ ಒಂದು ಪದ ಹುಡುಕುತ್ತೇನೆ. ಅಲ್ಲಿ "ಭೂಸ್ವಾಧೀನ" ಎಂದಿದೆಯೋ, "ಒತ್ತುವರಿ ತೆರವು" ಎಂದಿದೆಯೋ? ಸ್ವಾಧೀನ ಎಂದರೆ ಜಾಗದಲ್ಲಿ ನಿಮಗೂ ಹಕ್ಕಿದೆ, ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇವೆ ಎಂದು ಸರ್ಕಾರವೇ ಒಪ್ಪಿದ ಹಾಗೆ. ತೆರವು ಎಂದರೆ ಜಾಗ ನಮ್ಮದು, ನೀವು ಸುಮ್ಮನೆ ಕೂತಿದ್ದೀರಿ ಎಂಬ ಅರ್ಥ. ಮನೆ ಒಂದೇ, ರಸ್ತೆ ಒಂದೇ. ಆದರೆ ಪದ ಬದಲಾದರೆ ಕಾಯ್ದೆ, ಗಡುವು, ಪರಿಹಾರ ಎಲ್ಲವೂ ಬದಲಾಗುತ್ತವೆ. ನೋಟಿಸಿನಲ್ಲಿ ಎರಡೂ ಸ್ಪಷ್ಟವಿಲ್ಲದಿದ್ದರೆ ಅದನ್ನೇ ಲಿಖಿತವಾಗಿ ಕೇಳಿ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಸ್ವಾಧೀನವಾದರೆ ಯಾರ ರಸ್ತೆ ಎಂಬುದು ಮುಂದಿನ ಪ್ರಶ್ನೆ. ರಾಷ್ಟ್ರೀಯ ಹೆದ್ದಾರಿ 167 ರಾಯಚೂರನ್ನು ಹಾದುಹೋಗುತ್ತದೆ, ಸೂರತ್-ಚೆನ್ನೈ ಕಾರಿಡಾರ್ ಇದೇ ಜಿಲ್ಲೆಯನ್ನು ದಾಟುತ್ತದೆ. ಇಂಥ ಹೆದ್ದಾರಿಗೆ ಜಾಗ ಬೇಕಾದರೆ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯಡಿ ಅಧಿಸೂಚನೆ ಬರುತ್ತದೆ. ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ ಆಕ್ಷೇಪಣೆಗೆ ಇರುವುದು ಕೇವಲ 21 ದಿನ. ಲೋಕೋಪಯೋಗಿ ಇಲಾಖೆಯ ಅಥವಾ ಊರಿನ ರಸ್ತೆಯಾದರೆ ಸಾಮಾನ್ಯವಾಗಿ 2013ರ ಭೂಸ್ವಾಧೀನ ಕಾಯ್ದೆ ಬರುತ್ತದೆ, ಅಲ್ಲಿ 60 ದಿನ. ಕರ್ನಾಟಕ 2019ರಲ್ಲಿ ತಂದ ತಿದ್ದುಪಡಿ ರಾಜ್ಯದ ಕೆಲವು ಯೋಜನೆಗಳಿಗೆ ಈ ಕಾಯ್ದೆಯ ಕೆಲವು ಹಂತಗಳನ್ನು ಬದಲಿಸಿದೆ. ಹಾಗಾಗಿ ಯಾವ ಹಂತ ಬಿಟ್ಟಿದ್ದೀರಿ, ಯಾವ ಆದೇಶದ ಮೇಲೆ ಬಿಟ್ಟಿದ್ದೀರಿ ಎಂದು ಅಧಿಕಾರಿಗಳನ್ನು ಕೇಳುವುದು ನಿಮ್ಮ ಹಕ್ಕು.

ಹೆದ್ದಾರಿ ಕಾಯ್ದೆಯಲ್ಲಿ ಪುನರ್ವಸತಿ ಇಲ್ಲ ಎಂದು ಕೆಲವರು ಈಗಲೂ ಹೇಳುತ್ತಾರೆ. ಅದು ಹಳೆಯ ಮಾತು. ಕೇಂದ್ರ ಸರ್ಕಾರದ 2015ರ ಆಗಸ್ಟ್ ಆದೇಶ 2013ರ ಕಾಯ್ದೆಯ ಪರಿಹಾರ ಮತ್ತು ಪುನರ್ವಸತಿಯ ಲೆಕ್ಕವನ್ನು ಹೆದ್ದಾರಿ ಸ್ವಾಧೀನಕ್ಕೂ ತಂದಿದೆ, 2015ರ ಜನವರಿ 1ರಿಂದಲೇ ಅನ್ವಯವಾಗುವ ಹಾಗೆ. ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರುತ್ತದೆ. ಅದಕ್ಕೂ ಮೊದಲು ಹೆದ್ದಾರಿಗೆ ಜಾಗ ಹೋದವರಿಗೆ ಸಾಂತ್ವನ ಧನ ನಿರಾಕರಿಸುತ್ತಿದ್ದುದು ತಾರತಮ್ಯ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು.

2013ರ ಕಾಯ್ದೆಯಲ್ಲಿ ನನಗೆ ಬಹಳ ಮುಖ್ಯ ಎನಿಸುವುದು "ಬಾಧಿತ ಕುಟುಂಬ" ಎಂಬ ಮಾತಿನ ಅರ್ಥ. ಪಟ್ಟಾದಲ್ಲಿ ಹೆಸರಿದ್ದವರಷ್ಟೇ ಬಾಧಿತರಲ್ಲ. ಸರ್ಕಾರದ ಯೋಜನೆಯಲ್ಲಿ ಜಾಗ ಮಂಜೂರಾದ ಕುಟುಂಬ, ನಗರದ ಜಾಗದಲ್ಲಿ ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ವಾಸವಿದ್ದ ಕುಟುಂಬ, ಮೂರು ವರ್ಷದಿಂದ ಆ ಜಾಗದ ಮೇಲೆಯೇ ಹೊಟ್ಟೆ ಹೊರೆದ ಕುಟುಂಬ, ಇವೆಲ್ಲವೂ ಒಳಗೆ ಬರುತ್ತವೆ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟುಹೋದ ಹೆಣ್ಣುಮಗಳು ತಲಾ ಒಂದೊಂದು ಪ್ರತ್ಯೇಕ ಕುಟುಂಬ. ವಯಸ್ಕರಾದ ಮಗ, ಮಗಳು ಕೂಡ, ಮದುವೆಯಾಗಿರಲಿ ಬಿಡಲಿ, ಬೇರೆ ಕುಟುಂಬವೇ. ಒಂದೇ ಸೂರಿನ ಕೆಳಗೆ ಮೂರು ಒಲೆ ಉರಿಯುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಸಮೀಕ್ಷೆಯವರು ಬಾಗಿಲಲ್ಲಿ ನಿಂತು "ಯಜಮಾನರ ಹೆಸರೇನು?" ಎಂದು ಒಂದೇ ಹೆಸರು ಬರೆದುಕೊಂಡು ಹೋದರೆ ಎರಡು ಕುಟುಂಬಗಳ ಹಕ್ಕು ಅಲ್ಲಿಗೇ ಅಳಿಯುತ್ತದೆ.

ಇದೇ ಕಾಯ್ದೆಯ ಪ್ರಕಾರ ನಗರದಲ್ಲಿ ಮನೆ ಕಳೆದುಕೊಂಡ ಕುಟುಂಬಕ್ಕೆ ಕನಿಷ್ಠ 50 ಚದರ ಮೀಟರ್ ತಳವಿಸ್ತೀರ್ಣದ ಕಟ್ಟಿದ ಮನೆ, ಅದು ಬೇಡವೆಂದರೆ ಕನಿಷ್ಠ 1.5 ಲಕ್ಷ ರೂಪಾಯಿ. ಸ್ಥಳಾಂತರಗೊಂಡವರಿಗೆ ಒಂದು ವರ್ಷ ತಿಂಗಳಿಗೆ 3,000 ರೂಪಾಯಿ, ಸಾಮಾನು ಸಾಗಿಸಲು 50,000, ಪುನರ್ವಸತಿ ಭತ್ಯೆ ಒಮ್ಮೆ 50,000. ಸಣ್ಣ ವ್ಯಾಪಾರಿ, ಕುಶಲಕರ್ಮಿಗಳಿಗೆ ಕನಿಷ್ಠ 25,000. ಮನೆಯ ಕಾಗದ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಆಗಬಹುದು, ನೋಂದಣಿ ಖರ್ಚು ಜಾಗ ಪಡೆದ ಸಂಸ್ಥೆಯದು. ಇಂದಿನ ರಾಯಚೂರಿನ ಬಾಡಿಗೆಗೆ ತಿಂಗಳ ಆ ಮೂರು ಸಾವಿರ ಏನೇನೂ ಸಾಲದು ಎಂಬುದು ನಿಜ. ಆದರೂ ಕೇಳದವರಿಗೆ ಅದೂ ಸಿಗುವುದಿಲ್ಲ.

ಇಲ್ಲಿಂದ ಮಾತು ಕಠಿಣವಾಗುತ್ತದೆ. ಜಾಗವೇ ಸರ್ಕಾರದ್ದು, ಮನೆ ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಸಿಕೊಟ್ಟದ್ದು ಅಥವಾ ತಾವೇ ಗಾಯರಾಣದಲ್ಲಿ ಕಟ್ಟಿಕೊಂಡದ್ದು, ಅಂಥವರ ಗತಿ? ತನ್ನ ಜಾಗವನ್ನು ತಾನೇ ಸ್ವಾಧೀನ ಮಾಡಿಕೊಳ್ಳುವ ಪ್ರಶ್ನೆ ಎಲ್ಲಿದೆ ಎಂದು ಸರ್ಕಾರ ವಾದಿಸಬಹುದು. ಆಗ ನಿಮ್ಮ ಕೈಯಲ್ಲಿರಬೇಕಾದದ್ದು ಬೇರೆ ಕಾಗದ. 1973ರ ಕರ್ನಾಟಕ ಕೊಳಗೇರಿ ಪ್ರದೇಶಗಳ ಕಾಯ್ದೆಯಡಿ ನಿಮ್ಮ ಓಣಿ ಘೋಷಿತವೇ ಎಂದು ನೋಡಿ. ಘೋಷಣೆಯ ಗೆಜೆಟ್ ಪ್ರತಿಯನ್ನು ಮಂಡಳಿಯಿಂದ ಮಾಹಿತಿ ಹಕ್ಕಿನಲ್ಲಿ ಪಡೆಯಿರಿ. ಜನರ ಬಾಯಲ್ಲಿ "ಸ್ಲಂ ಬೋರ್ಡ್ ಮನಿ" ಎಂದಾದ ಮಾತ್ರಕ್ಕೆ ಓಣಿ ಘೋಷಿತವಾಗಿರಬೇಕೆಂದೇನಿಲ್ಲ. ಘೋಷಿತವಾಗಿದ್ದರೆ ರಸ್ತೆಯ ಇಲಾಖೆ ಒಂದೇ ಅಲ್ಲ, ಮಂಡಳಿಯೂ ನಿಮಗೆ ಉತ್ತರ ಹೇಳಬೇಕಾಗುತ್ತದೆ.

ಹಂಚಿಕೆ ಪತ್ರ, ಹಕ್ಕುಪತ್ರ ಇದ್ದರೂ ತೊಡಕು ತೀರುವುದಿಲ್ಲ, ಏಕೆಂದರೆ ಅದು ಸಾಮಾನ್ಯವಾಗಿ ಇನ್ನೂ ತೀರಿಹೋದ ಅಜ್ಜಿಯ ಹೆಸರಿನಲ್ಲೇ ಇರುತ್ತದೆ. ಫೌತಿಯಾದ ಮೇಲೆ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳುವ ಕೆಲಸವನ್ನು "ಮನಿ ನಮ್ದೇ ಅಲ್ಲಾ, ಏನ್ ಅವಸರ" ಎಂದು ಮುಂದೂಡಿದವರೇ ಹೆಚ್ಚು. ಇನ್ನು ಕೆಲವರು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಆ ಮನೆ ಕೊಂಡಿರುತ್ತಾರೆ. ಅಂಥ ಬಾಂಡ್ ಮಾಲೀಕತ್ವ ಕೊಡುವುದಿಲ್ಲ.

ಬೆಂಗಳೂರಿನ ಈಜಿಪುರದಲ್ಲಿ ನಡೆದದ್ದು ನೆನಪಿರಲಿ. ಆರ್ಥಿಕವಾಗಿ ದುರ್ಬಲರಾದವರಿಗೆಂದು 1990ರ ದಶಕದ ಆರಂಭದಲ್ಲಿ ಪಾಲಿಕೆ ಕಟ್ಟಿಸಿದ ಸುಮಾರು 1,500 ಮನೆಗಳ ಸಮುಚ್ಚಯ ಅದು. ಕೆಲವು ಬ್ಲಾಕುಗಳು ಕುಸಿದವು, ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ದಿನ ನೂಕಿದರು, 2013ರ ಜನವರಿಯಲ್ಲಿ ಜೆಸಿಬಿಗಳು ಬಂದವು. ಮೂಲ ಹಂಚಿಕೆದಾರರಿಗೆ ಹೊಸ ಮನೆಯ ಭರವಸೆ ಇತ್ತು, ಬಾಡಿಗೆಗಿದ್ದವರಿಗೆ ಅದೂ ಇರಲಿಲ್ಲ. ಭರವಸೆ ಇದ್ದವರೂ ವರ್ಷಗಟ್ಟಲೆ ಕಾದರು. ಕೆಡವುವ ದಿನ ನಿಗದಿಯಾದ ಹಾಗೆ ಮರಳಿ ಮನೆ ಕೊಡುವ ದಿನವೂ ಬರವಣಿಗೆಯಲ್ಲಿ ನಿಗದಿಯಾಗಿರಬೇಕು ಎಂಬುದು ಅಲ್ಲಿಂದ ನಾನು ಕಲಿತದ್ದು.

ಹೆದ್ದಾರಿ ಹಾಕುವಾಗ ಮಾತ್ರವಲ್ಲ, ಹೆದ್ದಾರಿಯನ್ನು ಕೆಡವುವಾಗಲೂ ಮರಳಿ ಮನೆ ಸಿಗುವ ಈ ಪ್ರಶ್ನೆ ಏಳುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ಇಂಟರ್‌ಸ್ಟೇಟ್ 81 ಎಂಬ ಮೇಲ್ಸೇತುವೆ ಹೆದ್ದಾರಿಗಾಗಿ ಕಪ್ಪು ಜನರ ದಟ್ಟ ವಸತಿಯೊಂದನ್ನು ಹಿಂದೆ ಒಡೆದು ಹಾಕಿದ್ದರು. ಅದೇ ಸೇತುವೆಯನ್ನು ಈಗ ತೆಗೆಯುತ್ತಿದ್ದಾರೆ. ಅದರ ನೆರಳಿನಲ್ಲೇ ದಶಕಗಳಿಂದ ಇದ್ದ ಪಯೊನಿಯರ್ ಹೋಮ್ಸ್ ಎಂಬ ಸರ್ಕಾರಿ ವಸತಿಯ ನಿವಾಸಿಗಳಿಗೆ ಬೀಳುವ ಪ್ರತಿ ಮನೆಗೂ ಬದಲಿ ಮನೆ, ಮರಳಿ ಬರುವ ಹಕ್ಕು ಎಂಬ ಭರವಸೆ ಸಿಕ್ಕಿದೆ. ದೇಶ ಬೇರೆ, ಕಾಯ್ದೆ ಬೇರೆ. ಆದರೆ "ನಾನು ಇಲ್ಲಿಗೇ ವಾಪಸ್ ಬರ್ತೀನಾ?" ಎಂದು ಅಲ್ಲಿಯ ಹೆಂಗಸು ಕೇಳುವುದೂ ಇಲ್ಲಿಯ ಹೆಂಗಸು ಕೇಳುವುದೂ ಒಂದೇ.

ಇನ್ನು ಯಾವ ಕಾಗದವೂ ಇಲ್ಲದವರ ಮಾತು. ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಕೊಟ್ಟ ತೀರ್ಪಿನ ಪ್ರಕಾರ ಕಟ್ಟಡ ಕೆಡವುವ ಮುನ್ನ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು. ಅದು ನೋಂದಾಯಿತ ಅಂಚೆಯಲ್ಲಿ ಬರಬೇಕು, ಕಟ್ಟಡಕ್ಕೂ ಅಂಟಿಸಬೇಕು. ಖುದ್ದು ವಿಚಾರಣೆ ನಡೆಯಬೇಕು. ಅಂತಿಮ ಆದೇಶದ ಬಳಿಕ ಮತ್ತೆ 15 ದಿನ ಕಾಯಬೇಕು, ಕೆಡವುವುದನ್ನು ವಿಡಿಯೊ ಮಾಡಬೇಕು. ಈ ತೀರ್ಪಿನ ಬಗ್ಗೆ ಓಣಿಗಳಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ರಸ್ತೆ, ಬೀದಿ, ಫುಟ್‌ಪಾತ್, ರೈಲು ಹಳಿಯ ಬದಿ, ನದಿ ಮುಂತಾದ ಜಲಮೂಲದ ಜಾಗದಲ್ಲಿರುವ ಅನಧಿಕೃತ ಕಟ್ಟಡಕ್ಕೆ ಆ ನಿಯಮಗಳು ಅನ್ವಯಿಸುವುದಿಲ್ಲ ಎಂದು ತೀರ್ಪಿನಲ್ಲೇ ಬರೆದಿದೆ. ರಸ್ತೆಯಂಚಿನಲ್ಲಿ ಮನೆ ಇದ್ದು ಈ ತೀರ್ಪೊಂದನ್ನೇ ನಂಬಿ ಕೂತರೆ ಕೆಟ್ಟಿರಿ. ಹಾಗಾಗಿ ನಿಮ್ಮ ಮನೆ ನಿಜಕ್ಕೂ ರಸ್ತೆಯ ಜಾಗದಲ್ಲಿದೆಯೇ ಎಂಬುದನ್ನೇ ಮೊದಲು ಪ್ರಶ್ನಿಸಬೇಕು. ಸರ್ವೆ ನಕ್ಷೆ ಕೇಳಿ, ನಿಮ್ಮೆದುರು ಅಳತೆ ಮಾಡಿಸಿ. ಹಳೆಯ ರಸ್ತೆಯ ಅಂಚು ಎಲ್ಲಿತ್ತು, ಹೊಸ ಗೀಟು ಎಲ್ಲಿ ಬಿದ್ದಿದೆ ಎಂಬ ಕೆಲವು ಅಡಿಗಳ ನಡುವೆ ಎಷ್ಟೋ ಮನೆಗಳ ಹಣೆಬರಹ ಇರುತ್ತದೆ.

ನಿಜವಾಗಿಯೂ ರಸ್ತೆಯ ಜಾಗದಲ್ಲೇ ಇದ್ದರೂ ಹೇಳದೆ ಕೇಳದೆ ಕೆಡವುವಂತಿಲ್ಲ. ಮುಂಬೈ ಫುಟ್‌ಪಾತ್ ನಿವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ 1985ರಲ್ಲೇ ಸುಪ್ರೀಂ ಕೋರ್ಟ್ ಜೀವನೋಪಾಯ ಬದುಕುವ ಹಕ್ಕಿನ ಭಾಗ ಎಂದಿತು. ತೆರವು ತಡೆಯಲಿಲ್ಲ, ಆದರೆ ಮಳೆಗಾಲ ಮುಗಿದು ಅಕ್ಟೋಬರ್ 31 ಕಳೆಯುವವರೆಗೆ ಯಾರನ್ನೂ ಎಬ್ಬಿಸಬಾರದೆಂದಿತು. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಹಸುಗೂಸಿನ ತಾಯಿಯನ್ನು ಬಯಲಿಗೆ ತಳ್ಳಬೇಡಿ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಸಾರ್ವಜನಿಕ ಆವರಣಗಳಿಂದ ತೆರವುಗೊಳಿಸುವ ರಾಜ್ಯದ 1974ರ ಕಾಯ್ದೆಯಡಿ ನೋಟಿಸ್ ಬಂದಿದ್ದರೆ ಕಾರಣ ಹೇಳುವ ಅವಕಾಶವಿದೆ, ಆದೇಶದ ವಿರುದ್ಧ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಇದೆ. ಗಡುವು ಬಹಳ ಚಿಕ್ಕದು. ಆದೇಶ ಕೈಗೆ ಬಂದ ದಿನವೇ ವಕೀಲರ ಬಳಿ ಹೋಗಿ.

ತಳ್ಳುಗಾಡಿ, ಪುಟ್ಟಿ ವ್ಯಾಪಾರದವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬೇರೆಯೇ ಇದೆ. ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವಂತಿಲ್ಲ, ಎಬ್ಬಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಗಾಡಿ ನಿಲ್ಲಿಸುವವರು ತಮ್ಮ ಗುರುತಿನ ಚೀಟಿಯನ್ನು ಮನೆಯ ಟ್ರಂಕಿನಲ್ಲಿ ಇಡದೆ ಜೇಬಿನಲ್ಲಿ ಇಟ್ಟುಕೊಳ್ಳಲಿ.

ದೇವದುರ್ಗ, ಮಾನ್ವಿ ಕಡೆಯವರಿಗೆ ಬೇರೊಂದು ಅಪಾಯವಿದೆ, ಗುಳೆ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಜಡಿದು ಬೆಂಗಳೂರು, ಹೈದರಾಬಾದು, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಸಮೀಕ್ಷೆ ಅದೇ ಹೊತ್ತಿಗೆ ನಡೆಯಬಹುದು. ಬೀಗ ಕಂಡ ಮನೆ "ಖಾಲಿ" ಎಂದು ದಾಖಲಾಗುತ್ತದೆ. ಮಾನ್ವಿಯ ಮೇಲೆ ಹೊಸ ರೈಲು ಮಾರ್ಗ ಬರುತ್ತಿರುವಾಗ, ಊರಿನೊಳಗಿನ ರಸ್ತೆಗಳು ಅಗಲವಾಗುತ್ತಿರುವಾಗ, ಹೋಗುವ ಮುನ್ನ ಪುರಸಭೆಗೆ ಒಂದು ಪುಟದ ಅರ್ಜಿ ಕೊಡಿ: ಇಂಥ ಮನೆಯಲ್ಲಿ ಇಷ್ಟು ವರ್ಷದಿಂದ ಇದ್ದೇವೆ, ದುಡಿಮೆಗೆ ಹೊರಟಿದ್ದೇವೆ, ಸಮೀಕ್ಷೆಯಾದರೆ ಈ ನಂಬರಿಗೆ ತಿಳಿಸಿ ಎಂದು. ಸ್ವೀಕೃತಿ ಪಡೆದು ಊರಲ್ಲಿ ಉಳಿಯುವ ಅವ್ವನ ಕೈಗೆ ಕೊಟ್ಟು ಹೋಗಿ.

ವಾಸದ ಪುರಾವೆಗೆ ಜೆಸ್ಕಾಂ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು ಒಳ್ಳೆಯ ಸಾಕ್ಷಿ, ಸಂಪರ್ಕ ಸಿಕ್ಕ ದಿನಾಂಕವನ್ನು ಅದರಿಂದ ಪತ್ತೆ ಮಾಡಿಸಬಹುದು. ಹಳೆಯ ಮತದಾರರ ಪಟ್ಟಿಯ ದೃಢೀಕೃತ ಪ್ರತಿ, ಮಕ್ಕಳ ಶಾಲಾ ದಾಖಲೆ, ಪಡಿತರ ಚೀಟಿ ಜೊತೆಗಿರಲಿ. ಮನೆ ತೆರಿಗೆ ರಸೀದಿ ಮಾಲೀಕತ್ವ ಸಾಬೀತು ಮಾಡುವುದಿಲ್ಲ ಎಂದು ಕಚೇರಿಯವರು ಹೇಳಿದರೆ ಅವರು ಹೇಳುವುದು ಸರಿಯೇ. ಆದರೆ ನೀವು ಅದನ್ನು ಕೊಡುವುದು ಮಾಲೀಕತ್ವಕ್ಕಲ್ಲ, ವಾಸಕ್ಕೆ. ಈ ವ್ಯತ್ಯಾಸ ಹೇಳಲು ಹಿಂಜರಿಯಬೇಡಿ.

ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಕಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ವಕೀಲರು ಉಚಿತ. ಕಡಿಮೆ ಆದಾಯದವರಿಗೂ ಉಂಟು. ರಾಯಚೂರಿನಲ್ಲಿ ಜಿಲ್ಲಾ ಪ್ರಾಧಿಕಾರ, ದೇವದುರ್ಗ, ಮಾನ್ವಿಯಲ್ಲಿ ತಾಲ್ಲೂಕು ಸಮಿತಿಗಳು ನ್ಯಾಯಾಲಯದ ಆವರಣದಲ್ಲೇ ಇವೆ. ಸಹಾಯವಾಣಿ 15100. ತಡೆಯಾಜ್ಞೆಗೆ ಹೈಕೋರ್ಟಿಗೆ ಹೋಗಬೇಕಾದರೂ ಬೆಂಗಳೂರಿನ ದಾರಿ ಹಿಡಿಯಬೇಕಿಲ್ಲ, ಕಲಬುರಗಿ ಪೀಠ ಹತ್ತಿರವೇ ಇದೆ.

ಮನೆ ಸಿಕ್ಕರೂ ಒಂದು ಎಚ್ಚರ. 2009ರ ನೆರೆಯ ಬಳಿಕ ಈ ಜಿಲ್ಲೆಯ ನದಿದಂಡೆಯ ಊರುಗಳಿಗೆ "ಆಸರೆ" ಯೋಜನೆಯಲ್ಲಿ ಮನೆ ಕಟ್ಟಿದರು. ಕೆಲವೆಡೆ ನೀರು, ಹೊಲ, ಬಸ್ಸು ದೂರವಾಗಿ ಜನ ಹಳೆಯ ಊರಿಗೇ ಮರಳಿದರು, ಹೊಸ ಮನೆಗಳು ಖಾಲಿ ಬಿದ್ದವು. ಪುನರ್ವಸತಿ ಜಾಗದಲ್ಲಿ ಕುಡಿಯುವ ನೀರು, ಚರಂಡಿ, ರಸ್ತೆ, ಶಾಲೆ, ನ್ಯಾಯಬೆಲೆ ಅಂಗಡಿ, ಸ್ಮಶಾನದ ಜಾಗ ಇರಬೇಕೆಂದು 2013ರ ಕಾಯ್ದೆಯ ಮೂರನೇ ಅನುಸೂಚಿ ಹೇಳುತ್ತದೆ. ಆದ್ದರಿಂದ "ಸ್ವಇಚ್ಛೆಯಿಂದ ಮನೆ ಖಾಲಿ ಮಾಡಿದ್ದೇನೆ" ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಹೊಸ ಮನೆಗೆ ಹೋಗಿ ನಲ್ಲಿ ತಿರುಗಿಸಿ, ಸ್ವಿಚ್ ಒತ್ತಿ, ಶಾಲೆಗೆ ಎಷ್ಟು ಹೊತ್ತಿನ ನಡಿಗೆ ಎಂದು ಮಗುವಿನ ಜೊತೆ ನಡೆದು ನೋಡಿ. ಸಹಿ ಅದಾದ ಮೇಲೆ, ಅದೂ ಬೀಗದ ಕೈ ನಿಮ್ಮ ಕೈಗೆ ಬಂದ ಮೇಲೆ.