ಡ್ರಮ್ಮಿನ ತೆಪ್ಪ ಜೋರಾಗಿ ಓಡಬೇಕಾದರೆ

"ದೊಡ್ಡ ಎಂಜಿನ್ ಹಚ್ಚಿದ್ರ ತೆಪ್ಪ ಜೋರ ಓಡ್ತೈತೇನ್ರಿ ಕಾಕಾ?" ಅಂತ ನಮ್ಮ ಭಾಗದ ಹುಡುಗರು ಕೇಳುತ್ತಿರುತ್ತಾರೆ. ಎಂಜಿನ್ ಬದಲಿಸುವುದು ಕೊನೆಯ ಮಾತು ಅಂತ ನಾನು ಹೇಳುತ್ತೇನೆ. ಅದಕ್ಕೂ ಮೊದಲು ಡ್ರಮ್ಮು ನೋಡಬೇಕು, ಹೇರು ನೋಡಬೇಕು, ಎಂಜಿನ್ ತೂಗುಹಾಕಿದ ಹಲಗೆಯ ಎತ್ತರ ನೋಡಬೇಕು, ನೀರೊಳಗಿನ ಫ್ಯಾನು ನೋಡಬೇಕು. ಇಷ್ಟು ಸರಿ ಮಾಡಿದರೆ ಇದ್ದ ಎಂಜಿನ್ನಿನಲ್ಲೇ ಕೆಲಸ ಆಗುತ್ತದೆ.

ನಮ್ಮದು ಆಲಮಟ್ಟಿ ಹಿನ್ನೀರಿನ ದಂಡೆಯ ಊರು. ಜಲಾಶಯ 519.60 ಮೀಟರ್ ಪೂರ್ಣ ಮಟ್ಟಕ್ಕೆ ಬಂದಾಗ ನಮ್ಮ ಎರೆಹೊಲ ಆಚೆ ದಂಡೆಗೆ ಉಳಿಯುತ್ತದೆ. ನೀರ ಮೇಲೆ ಎರಡೂವರೆ ಕಿಲೋಮೀಟರ್, ರಸ್ತೆ ಹಿಡಿದರೆ ಇಪ್ಪತ್ತೆರಡು. ಬಿಳಿಜೋಳ ಬಿತ್ತುವ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ನೀರು ತುಂಬಿರುತ್ತದೆ. ಹಸಿ ಆರುವುದರೊಳಗೆ ಬೀಜ, ಆಳು, ಕೂರಿಗೆ ಎಲ್ಲಾ ಆಚೆ ಮುಟ್ಟಬೇಕು. ಮಧ್ಯಾಹ್ನ ಗಾಳಿ ಎದ್ದರೆ ನಡುನೀರಿನಲ್ಲಿ ಇರಬಾರದು. ನಮಗೆ ವೇಗ ಬೇಕಾದದ್ದು ಇದಕ್ಕೆ, ಶೋಕಿಗೆ ಅಲ್ಲ.

ಎರಡು ಸಾಲು ಡ್ರಮ್ಮು, ಮೇಲೆ ಹಲಗೆ, ಹಿಂದೆ ಎಂಜಿನ್. ಹೊರದೇಶದಲ್ಲಿ ಇದಕ್ಕೆ ಪಾಂಟೂನ್ ದೋಣಿ ಅನ್ನುತ್ತಾರೆ. ಅದನ್ನು ಮೊದಲು ರೂಢಿಗೆ ತಂದವನೂ ಒಬ್ಬ ರೈತನೇ. ಅಮೆರಿಕದ ಮಿನ್ನೆಸೋಟ ರಾಜ್ಯದ ಆಂಬ್ರೋಸ್ ವೀರ್ಸ್ ಎಂಬಾತ 1952ರಲ್ಲಿ ಕಬ್ಬಿಣದ ಡ್ರಮ್ಮುಗಳನ್ನು ಸಾಲಾಗಿ ಬೆಸೆದು, ಮೇಲೆ ಹಲಗೆ ಹಾಸಿ ಕೆರೆಗೆ ಬಿಟ್ಟ. ಆಮೇಲೆ ಅದೇ ಅವನ ಕಾರ್ಖಾನೆ ಆಯಿತು. ಈಗ ಅಲ್ಲಿ ಡ್ರಮ್ಮಿನ ಬದಲು ಉದ್ದನೆಯ ಅಲ್ಯೂಮಿನಿಯಂ ಕೊಳವೆ ಬಂದಿವೆ. ನಾವು ಇನ್ನೂ ಡ್ರಮ್ಮಿನಲ್ಲೇ ಇದ್ದೇವೆ, ಇರಲಿ.

ಮೊದಲು ತೂಕದ ಲೆಕ್ಕ. 200 ಲೀಟರಿನ ಡ್ರಮ್ಮು ಪೂರ್ತಿ ಮುಳುಗಿದರೆ 200 ಕೆ.ಜಿ. ಎತ್ತುತ್ತದೆ. ಸಾಲಿಗೆ ಏಳರಂತೆ ಹದಿನಾಲ್ಕು ಡ್ರಮ್ಮಿಗೆ 2,800 ಕೆ.ಜಿ. ಆಯಿತು. ಆದರೆ ಡ್ರಮ್ಮು ಅರ್ಧಕ್ಕಿಂತ ಹೆಚ್ಚು ಮುಳುಗಬಾರದು. ಅರ್ಧ ದಾಟಿತು ಅಂದರೆ ನೀರಿನ ಹಿಡಿತ ಹೆಚ್ಚುತ್ತದೆ, ಅಡ್ಡಪಟ್ಟಿಗೆ ತೆರೆ ಬಡಿಯುತ್ತದೆ, ಓಟ ಸತ್ತೇಹೋಗುತ್ತದೆ. ಹಾಗಾಗಿ ನಮ್ಮ ಕೈಯಲ್ಲಿ ಇರುವುದು 1,400 ಕೆ.ಜಿ. ಮಾತ್ರ. ಅದರಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳ ತೂಕ 140, ಆಂಗಲ್ ಮತ್ತು ಹಲಗೆ 450, ಎಂಜಿನ್ ಮತ್ತು ಎಣ್ಣೆ ಡಬ್ಬಿ 60. ಉಳಿದದ್ದು 750. ಆರು ಮಂದಿ, ಮೂರು ಕ್ವಿಂಟಲ್ ಚೀಲ ಹೇರಿದರೂ ಇನ್ನೂ ಸ್ವಲ್ಪ ಕೈಯಲ್ಲಿರುತ್ತದೆ. ಕಬ್ಬಿಣದ ಡ್ರಮ್ಮು ಒಂದಕ್ಕೆ 20 ಕೆ.ಜಿ. ಹತ್ತಿರ ತೂಗುತ್ತದೆ, ಆಗ ಒಂದೂವರೆ ಚೀಲದಷ್ಟು ಕಡಿಮೆ ಹೇರಬೇಕು. ಡ್ರಮ್ಮಿನ ಅರ್ಧಕ್ಕೆ ಕೆಂಪು ಬಣ್ಣದ ಗೆರೆ ಎಳೆದುಬಿಡಿ. ಗೆರೆ ಮುಳುಗಿತೋ, ಒಂದು ಚೀಲ ಇಳಿಸಿ.

ತೂಕದಲ್ಲಿ ಕಣ್ಣಿಗೆ ಕಾಣದ್ದು ಡ್ರಮ್ಮಿನೊಳಗಿನ ನೀರು. ಬೂಚಿನ ವಾಶರ್ ಸವೆದರೆ ಹನಿಹನಿ ಇಳಿಯುತ್ತದೆ. ಕಾಲುಭಾಗ ನೀರು ಹೊಕ್ಕರೆ ಒಂದೇ ಡ್ರಮ್ಮಿಗೆ 50 ಕೆ.ಜಿ., ಅಂದರೆ ಅರ್ಧ ಚೀಲ ಜೋಳವನ್ನು ದಿನಾ ಸುಮ್ಮನೆ ಹೊತ್ತು ತಿರುಗಿದ ಹಾಗೆ. ವಾರಕ್ಕೊಮ್ಮೆ ಕೋಲಿನಿಂದ ಬಡಿದು ನೋಡಿ. ಖಾಲಿ ಡ್ರಮ್ಮು ಡಂಗುರದ ಹಾಗೆ ಸದ್ದು ಕೊಡುತ್ತದೆ, ನೀರು ಹೊಕ್ಕದ್ದು ಮಂದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆಪ್ಪ ದಂಡೆಗೆ ಎಳೆದು ತಳದ ಹಸಿರು ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆಯಿರಿ. ಅದು ಬೆರಳು ದಪ್ಪ ಇದ್ದರೂ ಓಟ ಎಳೆಯುತ್ತದೆ.

ಇನ್ನು ಡ್ರಮ್ಮಿನ ಮೂತಿ. ಚಪ್ಪಟೆ ತಳವನ್ನು ಮುಂದೆ ಮಾಡಿ ನೀರಿಗೆ ನುಗ್ಗಿಸುವುದು ಅಂದರೆ ಬಾಗಿಲನ್ನು ಅಡ್ಡ ಹಿಡಿದು ಗಾಳಿಗೆ ಎದುರು ನಡೆದ ಹಾಗೆ. ತಗಡಿನಲ್ಲಿ ಎರಡು ಅಡಿ ಉದ್ದದ ಚೂಪು ಮೂತಿ ಮಾಡಿಸಿ, ಅದನ್ನು ಮುಂದಿನ ಆಂಗಲ್ಲಿಗೆ ಬೋಲ್ಟ್ ಹಾಕಿ. ಡ್ರಮ್ಮು ಡ್ರಮ್ಮಿನ ನಡುವಿನ ಸಂದಿಯಲ್ಲೂ ನೀರು ಸುಳಿ ತಿರುಗಿ ಎಳೆಯುತ್ತದೆ. ಅಲ್ಲಿ ಕೆಳಭಾಗಕ್ಕೆ ತಗಡು ಸುತ್ತಿ ನುಣುಪು ಮಾಡಿ. ನನ್ನ ತೆಪ್ಪದಲ್ಲಿ ಎಲ್ಲಕ್ಕಿಂತ ಹೆಚ್ಚು ಫರಕು ಕಂಡದ್ದು ಈ ಎರಡು ತಗಡಿನ ಕೆಲಸದಿಂದ. ಒಂದು ಎಚ್ಚರಿಕೆ: ಎಣ್ಣೆ, ಪೆಟ್ರೋಲು, ಔಷಧ ತುಂಬಿದ್ದ ಕಬ್ಬಿಣದ ಡ್ರಮ್ಮಿಗೆ ವೆಲ್ಡಿಂಗ್ ಹಚ್ಚಬೇಡಿ. ಒಳಗಿನ ಆವಿಗೆ ಕಿಡಿ ತಾಗಿದರೆ ಬಾಂಬಿನ ಹಾಗೆ ಸಿಡಿಯುತ್ತದೆ. ಖಾಲಿ ಇದೆ ಅನ್ನುವುದು ಭರವಸೆ ಅಲ್ಲ.

ಹೇರುವುದು ಚಕ್ಕಡಿ ಹೇರಿದ ಹಾಗೆಯೇ. ಚಕ್ಕಡಿ ಹಿಂಭಾರ ಆದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರ ಆದರೆ ಹೆಗಲು ಕುಸಿಯುತ್ತದೆ. ತೆಪ್ಪಕ್ಕೆ ಎಂಜಿನ್, ಡಬ್ಬಿ, ನಡೆಸುವವ ಮೂರೂ ಹಿಂದೆಯೇ. ಅದಕ್ಕೆ ಚೀಲಗಳನ್ನು ನಡುವಿಗಿಂತ ಒಂದು ಮೊಳ ಮುಂದೆ ಇಡಬೇಕು. ಪೂರ್ತಿ ರೇಸು ಕೊಟ್ಟಾಗ ಮೂತಿ ನಾಲ್ಕು ಬೆರಳು ಎದ್ದರೆ ಸರಿ, ಮೂತಿ ನೀರಿಗೆ ಇಳಿಯುತ್ತಿದ್ದರೆ ಅಪಾಯ. ಮಂದಿ ಎಲ್ಲಾ ಒಂದೇ ಮಗ್ಗುಲಿಗೆ ಕೂಡಬಾರದು.

ಎಂಜಿನ್ನಿನ ಎತ್ತರದ್ದೇ ಹೆಚ್ಚು ತಕರಾರು. ಫ್ಯಾನಿನ ಮೇಲೆ ಒಂದು ಅಗಲ ರೆಕ್ಕೆತಗಡು ಇರುತ್ತದೆ, ನೋಡಿರಬಹುದು. ತೆಪ್ಪ ಓಡುವಾಗ ಅದು ನೀರಿನ ಮಟ್ಟದಿಂದ ಎರಡು ಮೂರು ಇಂಚು ಕೆಳಗಿರಬೇಕು. ಅದಕ್ಕಿಂತ ಮೇಲಾದರೆ ಫ್ಯಾನು ಗಾಳಿ ಕುಡಿಯುತ್ತದೆ. ಎಂಜಿನ್ ಕಿರುಚುತ್ತದೆ, ತೆಪ್ಪ ಮಾತ್ರ ನಿಂತಲ್ಲೇ. ಬಹಳ ಕೆಳಗಾದರೆ ಉದ್ದ ಕಾಲು ನೀರಿನಲ್ಲಿ ಎಳೆಯುತ್ತದೆ, ಕುಂಟೆ ಆಳಕ್ಕೆ ಇಳಿದಾಗ ಎತ್ತು ಏದುಸಿರು ಬಿಡುವ ಹಾಗೆ. ಎಂಜಿನ್ನಿನ ಕಾಲು 15 ಇಂಚಿನದು, 20 ಇಂಚಿನದು ಅಂತ ಬರುತ್ತದೆ. ಡ್ರಮ್ಮಿನ ತೆಪ್ಪ ಎತ್ತರ, ಇದಕ್ಕೆ ಉದ್ದ ಕಾಲಿನದೇ ಒಗ್ಗುತ್ತದೆ. ಗಿಡ್ಡ ಕಾಲಿನದು ಕೈಯಲ್ಲಿದ್ದರೆ ಹಲಗೆಯನ್ನೇ ಕೆಳಗಿಳಿಸಬೇಕು. ಖಾಲಿ ತೆಪ್ಪ ಮೇಲೇಳುತ್ತದೆ, ಹೇರಿದ ತೆಪ್ಪ ಕೆಳಗಿಳಿಯುತ್ತದೆ. ಅದಕ್ಕೆ ನಾನು ಹಲಗೆಗೆ ಮೂರು ಎತ್ತರದಲ್ಲಿ ತೂತು ಕೊರೆಸಿ ಬೋಲ್ಟ್ ಬದಲಿಸುತ್ತೇನೆ. ಮತ್ತೆ, ಎಂಜಿನ್ನಿನ ಕಾಲು ನೀರಿಗೆ ನೆಟ್ಟಗೆ ನಿಲ್ಲುವಂತೆ ಓರೆಯ ಪಿನ್ನು ಹಾಕಬೇಕು.

ಈಗ ಫ್ಯಾನು. ಅದರ ಮೇಲೆ ಎರಡು ಅಂಕಿ ಒತ್ತಿರುತ್ತಾರೆ. ಮೊದಲನೆಯದು ಅಡ್ಡಳತೆ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ 9 ಅಂದರೆ ಮರಕ್ಕೆ ತಿರುಪು ಹೊಕ್ಕ ಹಾಗೆ ಒಂದು ಸುತ್ತಿಗೆ 9 ಇಂಚು ಮುಂದೆ ಹೋಗಬೇಕು. ಎಂಜಿನ್ ನಿಮಿಷಕ್ಕೆ 5,000 ಸುತ್ತಿದರೆ ಗೇರಿನಲ್ಲಿ ಇಳಿದು ಫ್ಯಾನು ಸುಮಾರು 2,500 ಸುತ್ತುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ 34 ಕಿಲೋಮೀಟರ್ ಬರುತ್ತದೆ! ನಮ್ಮ ತೆಪ್ಪ ಓಡುವುದು 8-9. ಉಳಿದದ್ದೆಲ್ಲ ನೀರಲ್ಲಿ ಜಾರಿಹೋಗುತ್ತದೆ. ನನ್ನ 9.9 ಎಚ್‌ಪಿ ಎಂಜಿನ್ ಕರಾವಳಿಯ ನಾಡದೋಣಿಯವರು ಬಳಸಿದ್ದು. ಹಗುರ, ಸಪೂರ ದೋಣಿಗೆ ಹೊಂದುವ ಫ್ಯಾನು ಅದರಲ್ಲಿತ್ತು. ಭಾರದ ತೆಪ್ಪಕ್ಕೆ ಅದು ಮೇಲಿನ ಗೇರಿನಲ್ಲಿ ಟ್ರ್ಯಾಕ್ಟರ್ ನೇಗಿಲು ಹೊಡೆದ ಹಾಗೆ, ಎಂಜಿನ್ ಮುಕ್ಕರಿಯುತ್ತದೆ. 7 ಪಿಚ್ಚಿನದು ಹಚ್ಚಿದ ಮೇಲೆ ಬಿಡುಸಾಗಿ ತಿರುಗಿತು. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 200 ಸುತ್ತು ಏರುತ್ತದೆ. ಪೂರ್ತಿ ರೇಸಿನಲ್ಲಿ ಎಷ್ಟು ಸುತ್ತು ಬರಬೇಕು ಅಂತ ಎಂಜಿನ್ನಿನ ಪುಸ್ತಕದಲ್ಲಿ ಬರೆದಿರುತ್ತದೆ. ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಮೀಟರಿನಿಂದ, ಹೇರು ತುಂಬಿಸಿಕೊಂಡೇ ಅಳೆಯಿರಿ. ಅದಕ್ಕಿಂತ ಕಡಿಮೆ ಬಂದರೆ ಪಿಚ್ ಇಳಿಸಿ, ಹೆಚ್ಚಾದರೆ ಏರಿಸಿ. ಅಂಚು ಮುಕ್ಕಾದ ಫ್ಯಾನು ಯಾವ ಪಿಚ್ಚಿನದಾದರೂ ಕೆಲಸಕ್ಕೆ ಬಾರದು.

ಪೆಟ್ರೋಲಿನ ಬಗ್ಗೆ ಒಂದೇ ಮಾತು. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇರುತ್ತದೆ. ನಮ್ಮ ಕಡೆಯ ಕಬ್ಬಿನದೇ ಅದರಲ್ಲಿ ಸೇರಿರಬಹುದು! ಅದು ನೀರು ಹೀರುತ್ತದೆ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಟ್ಟದ್ದನ್ನು ಹಾಕಬೇಡಿ.

ಇಷ್ಟಾದ ಮೇಲೆ ದೊಡ್ಡ ಎಂಜಿನ್ನಿನ ಮಾತು. ನೀರಿನಲ್ಲಿ ವೇಗ ಏರಿದ ಹಾಗೆ ತಡೆ ಅದಕ್ಕಿಂತ ಜೋರಾಗಿ ಏರುತ್ತದೆ. 10 ಎಚ್‌ಪಿ ತೆಗೆದು 15 ಹಚ್ಚಿದರೆ ವೇಗ ಒಂದೂವರೆ ಪಟ್ಟು ಆಗುವುದಿಲ್ಲ, ಹೆಚ್ಚೆಂದರೆ ಏಳನೇ ಒಂದು ಭಾಗ ಏರೀತು. 20 ಅಡಿ ಉದ್ದದ ತೆಪ್ಪ ಗಂಟೆಗೆ 11 ಕಿಲೋಮೀಟರ್ ಹತ್ತಿರ ಬಂದಾಗ ತಾನೇ ಎಬ್ಬಿಸಿದ ತೆರೆಯ ದಿಬ್ಬ ಏರಲಾರದೆ ನಿಲ್ಲುತ್ತದೆ. ಅಲ್ಲಿಂದಾಚೆ ಪೆಟ್ರೋಲು ಸುರಿದಷ್ಟೂ ತೆರೆಯೇ ದೊಡ್ಡದಾಗುತ್ತದೆ. 25 ಅಡಿ ಮಾಡಿದರೆ ಆ ಗಡಿ 12 ದಾಟುತ್ತದೆ. ಹಾಗಾಗಿ ದುಡ್ಡು ಇದ್ದರೆ ಸಾಲಿಗೆ ಎರಡೆರಡು ಡ್ರಮ್ಮು ಸೇರಿಸಿ ಉದ್ದ ಮಾಡುವುದು ಅಗ್ಗ, ಭಾರವೂ ಹೆಚ್ಚು ಹೊರುತ್ತದೆ.

ಎರಡು ದಂಡೆಕಂಬದ ನಡುವೆ 500 ಮೀಟರ್ ಅಳೆದು, ಗಾಳಿಗೆ ಎದುರು ಒಮ್ಮೆ, ಗಾಳಿಯ ಜೊತೆ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲಾಂದ್ರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ನನ್ನ ತೆಪ್ಪಕ್ಕೆ ಮೊದಲು 4 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು, ಅಂದರೆ ಗಂಟೆಗೆ 7 ಕಿಲೋಮೀಟರ್ ಚಿಲ್ಲರೆ. ಎಲ್ಲ ಮುಗಿದ ಮೇಲೆ 3 ನಿಮಿಷ 10 ಸೆಕೆಂಡು, ಒಂಬತ್ತೂವರೆಯ ಹತ್ತಿರ. ಎಂಜಿನ್ ಅದೇ. ಹೊಲಕ್ಕೆ 21 ನಿಮಿಷದ ದಾರಿ 16ಕ್ಕೆ ಬಂತು.

ಓಟ ಹೆಚ್ಚಿತು ಅಂತ ಮಂದಿ ಹೆಚ್ಚು ಹತ್ತಿಸಬೇಡಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮಗುಚಿ ಹತ್ತಕ್ಕಿಂತ ಹೆಚ್ಚು ಜನ ಹೋದರು. ಎಷ್ಟು ಮಂದಿಯೋ ಅಷ್ಟು ಲೈಫ್ ಜಾಕೆಟ್ ಇರಲಿ, ಕೂಲಿಯವರಿಗೂ. ಎಂಜಿನ್ ನಿಲ್ಲಿಸುವ ದಾರ ನಡೆಸುವವನ ಕೈಗೆ ಕಟ್ಟಿರಲಿ. ತಂಪಿನ ನೀರಿನ ಧಾರೆ ಪಕ್ಕದಿಂದ ಚಿಮ್ಮುತ್ತಿದೆಯೇ ಅಂತ ಆಗಾಗ ನೋಡಿ, ನಿಂತರೆ ಕೂಡಲೇ ಎಂಜಿನ್ ಬಂದ್ ಮಾಡಿ ಕಸ ತೆಗೆಯಿರಿ. ನೀರು ಇಳಿಯುವ ದಿನಗಳಲ್ಲಿ ಮುಳುಗಿದ ಜಾಲಿಯ ಬೊಡ್ಡೆಗೆ ಫ್ಯಾನು ತಾಗಿ ಪಿನ್ನು ಮುರಿಯುತ್ತದೆ. ಎರಡು ಪಿನ್ನು, ಒಂದು ಪ್ಲಗ್ಗು, ಪಾನಾ ಮತ್ತು ಒಂದು ಉದ್ದನೆಯ ಗಳ ತೆಪ್ಪದಲ್ಲೇ ಕಟ್ಟಿಡಿ.