ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೊ ಪ್ರದರ್ಶನದ ಸಂಜೆ

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ರಾತ್ರಿಯೂಟದ ಜೊತೆಗೆ ಟ್ಯಾಂಗೊ ನೃತ್ಯ, ಹಾಡು, ವಾದ್ಯಮೇಳ ಮೂರನ್ನೂ ಒಂದೇ ಸೂರಿನಡಿ ಒದಗಿಸುವ ಜಾಗಗಳನ್ನು ಟ್ಯಾಂಗೊ ಮನೆಗಳೆಂದು ಕರೆಯುತ್ತಾರೆ. ಎಂಟು, ಎಂಟೂವರೆಗೆ ಊಟ. ಹತ್ತರ ಆಸುಪಾಸಿನಲ್ಲಿ ಪರದೆ ಏಳುತ್ತದೆ. ಹನ್ನೊಂದೂವರೆ, ಹನ್ನೆರಡರ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಟಿಕೆಟ್ಟುಗಳಲ್ಲಿ ಊಟ ಸೇರಿದ್ದು, ಪ್ರದರ್ಶನ ಮಾತ್ರದ್ದು ಎಂಬ ಎರಡು ಬಗೆ. ಊಟಕ್ಕೆ ಮೊದಲು ಒಂದು ಗಂಟೆಯ ನೃತ್ಯಪಾಠವನ್ನೂ, ಹೋಟೆಲಿನಿಂದ ಕರೆತಂದು ವಾಪಸು ಬಿಡುವ ವ್ಯಾನನ್ನೂ ಸೇರಿಸಿ ಮಾರುವ ಮನೆಗಳು ಹಲವು. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ವಾದ್ಯದವರ ಕೈ, ನರ್ತಕರ ಕಾಲು ಎಷ್ಟು ಹತ್ತಿರದಿಂದ ಕಾಣುತ್ತವೆ? ಊಟ ಸಾಧಾರಣವಾಗಿದ್ದರೂ ಸಂಜೆ ಸಾರ್ಥಕವಾದೀತು. ಕಂಬದ ಹಿಂದಿನ ಮೇಜಿನಲ್ಲಿ ಎಷ್ಟು ಒಳ್ಳೆಯ ಊಟ ಸಿಕ್ಕರೂ ಬಂದ ಕೆಲಸ ಆದಂತಲ್ಲ.

ಟ್ಯಾಂಗೊ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ರಿಯೊ ದೆ ಲಾ ಪ್ಲಾತಾ ನದೀಮುಖದ ಎದುರುಬದುರು ದಡಗಳ ಬಂದರುಗಳಾದ ಬ್ಯೂನಸ್ ಐರಿಸ್ ಮತ್ತು ಉರುಗ್ವೆಯ ಮೊಂಟೆವಿಡಿಯೊಗಳಲ್ಲಿ. ಇಟಲಿ, ಸ್ಪೇನುಗಳಿಂದ ಹಡಗಿಳಿದ ವಲಸಿಗರು, ಆಫ್ರಿಕಾ ಮೂಲದವರು, ಒಳನಾಡಿನಿಂದ ಬಂದವರು ಒತ್ತೊತ್ತಾಗಿ ಬದುಕುತ್ತಿದ್ದ ಬಡ ಕೇರಿಗಳು ಅದರ ತವರು. 2009ರಲ್ಲಿ ಯುನೆಸ್ಕೊ ಎರಡೂ ದೇಶಗಳ ಹೆಸರಿನಲ್ಲಿ ಅದನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಟ್ಯಾಂಗೊ ಮನೆಗಳಲ್ಲಿ ಕಾಣಸಿಗುವುದು ಊರಿನ ಜನ ತಮಗಾಗಿ ಕುಣಿಯುವ ಟ್ಯಾಂಗೊ ಅಲ್ಲ, ರಂಗದ ಟ್ಯಾಂಗೊ. 1983ರಲ್ಲಿ ಪ್ಯಾರಿಸ್ಸಿನಲ್ಲಿ, 1985ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಟಾಂಗೊ ಅರ್ಜೆಂತೀನೊ’ ಎಂಬ ಪ್ರದರ್ಶನ ಭಾರಿ ಯಶಸ್ಸು ಕಂಡಿತು. ಈಗಿನ ಮನೆಗಳ ಎತ್ತುಗೆಗಳು, ಮಿಂಚಿನಂಥ ಕಾಲಾಟ, ದೃಶ್ಯದಿಂದ ದೃಶ್ಯಕ್ಕೆ ಬದಲಾಗುವ ವೇಷಭೂಷಣ ಇವಕ್ಕೆಲ್ಲ ಅದರ ಋಣವಿದೆ. ಇದನ್ನು ‘ಪ್ರವಾಸಿಗರಿಗಾಗಿ ಮಾಡಿದ್ದು’ ಎಂದು ತಳ್ಳಿಹಾಕುವುದು ಅನ್ಯಾಯ. ನಗರದ ನುರಿತ ನರ್ತಕರೂ ವಾದಕರೂ ಹೊಟ್ಟೆಪಾಡು ಕಂಡುಕೊಂಡಿರುವುದು ಇಂಥ ವೇದಿಕೆಗಳಲ್ಲೇ, ಅವರ ಕೈಚಳಕ ಅಸಲಿಯಾದದ್ದೇ.

ಮನೆಗಳಲ್ಲಿ ಗಾತ್ರದ ವ್ಯತ್ಯಾಸ ದೊಡ್ಡದು. ಸಾನ್ ತೆಲ್ಮೊ ಎಂಬ ಹಳೇ ಪೇಟೆಯಲ್ಲಿ ಬಾಲ್ಕಾರ್ಸೆ ಮತ್ತು ಇಂದಿಪೆಂದೆನ್ಸಿಯಾ ರಸ್ತೆಗಳು ಕೂಡುವ ಮೂಲೆಯಲ್ಲಿರುವ ಎಲ್ ವಿಯೆಹೊ ಅಲ್ಮಾಸೆನ್ ಅನ್ನು 1969ರಲ್ಲಿ ಗಾಯಕ ಎದ್ಮುಂದೊ ರಿವೇರೊ ಆರಂಭಿಸಿದರು. ಹಾಡಿಗೆ ಬೆಲೆ ಕೊಡುವವರಿಗೆ ಹಿಡಿಸುವ ಜಾಗ ಇದು. ಅದೇ ಪೇಟೆಯ ಬಾರ್ ಸುರ್ ಅದಕ್ಕಿಂತ ಚಿಕ್ಕದು, ನರ್ತಕರು ಮೇಜುಗಳ ನಡುವೆಯೇ ಕುಣಿಯುತ್ತಾರೆ. ವಾಂಗ್ ಕಾರ್ ವಾಯ್ ಅವರ 1997ರ ‘ಹ್ಯಾಪಿ ಟುಗೆದರ್’ ಚಿತ್ರ ನೋಡಿದವರಿಗೆ ಇದು ಗುರುತಾಗುತ್ತದೆ. ಆಬಾಸ್ತೊ ಬಡಾವಣೆಯಲ್ಲಿ, 1934ರ ಸಗಟು ತರಕಾರಿ ಮಾರುಕಟ್ಟೆಯ ಭವ್ಯ ಕಟ್ಟಡದ ಬಳಿ, ಎಸ್ಕೀನಾ ಕಾರ್ಲೋಸ್ ಗಾರ್ದೆಲ್ ಇದೆ. ಮಾರುಕಟ್ಟೆ ಈಗ ಶಾಪಿಂಗ್ ಮಾಲ್; ಟ್ಯಾಂಗೊ ಗಾಯಕ ಗಾರ್ದೆಲ್ ಬೆಳೆದ ಕೇರಿ ಇದು. ಫ್ಲೋರಿದಾ ರಸ್ತೆಯಲ್ಲಿ 1915ರ ಗಲೆರಿಯಾ ಗುಎಮೆಸ್ ಕಟ್ಟಡದ ನೆಲಮಾಳಿಗೆಯ ರಂಗಮಂದಿರದಲ್ಲಿ ಪಿಯಾಸೊಲಾ ಟಾಂಗೊ ನಡೆಯುತ್ತದೆ. ‘ಪುಟ್ಟ ರಾಜಕುಮಾರ’ ಬರೆದ ಸಾಂತ್-ಎಕ್ಸುಪೆರಿ ಅಂಚೆ ವಿಮಾನಗಳ ಕೆಲಸಕ್ಕಾಗಿ ಈ ಊರಿನಲ್ಲಿದ್ದಾಗ ವಾಸವಾಗಿದ್ದದ್ದು ಇದೇ ಕಟ್ಟಡದಲ್ಲಿ. ಬಾರಾಕಾಸ್‌ನ ಸೆನ್ಯೊರ್ ಟಾಂಗೊ ವೈಭವಕ್ಕೆ ಹೆಸರಾದ ಬಹು ದೊಡ್ಡ ಮನೆ. ಪುಯೆರ್ತೊ ಮಾದೆರೊದ ಫಾಯೆನಾ ಹೋಟೆಲಿನ ರೋಹೊ ಟಾಂಗೊ ಚಿಕ್ಕದು, ದುಬಾರಿಯದು. ಇನ್ನು 1858ರಿಂದ ಹೆಸರು ಉಳಿಸಿಕೊಂಡಿರುವ, ಈಗ ಆವೆನಿದಾ ದೆ ಮಾಯೊ ರಸ್ತೆಯಲ್ಲಿರುವ ಕಫೆ ತೊರ್ತೊನಿ. ದೊಡ್ಡ ಊಟದ ಹಂಗಿಲ್ಲದೆ ಸಣ್ಣ ಸಭಾಂಗಣದಲ್ಲಿ ಟ್ಯಾಂಗೊ ನೋಡಬೇಕೆನ್ನುವವರಿಗೆ ಅದು ಸರಿಯಾದ ಜಾಗ.

ಮೊದಲ ಸಲ ನೋಡುವವರಿಗೆ ನಡುಗಾತ್ರದ ಮನೆಯೇ ಒಳ್ಳೆಯದು. ಬಹಳ ದೊಡ್ಡ ಮನೆಯಲ್ಲಿ ಬೆಳಕು, ವೇಷ, ಗುಂಪುನೃತ್ಯ ಕಣ್ಣು ತುಂಬುತ್ತವೆ, ಆದರೆ ಒಬ್ಬ ವಾದಕನ ಉಸಿರಾಟ ಕೇಳಿಸುವುದಿಲ್ಲ. ಬಹಳ ಚಿಕ್ಕ ಮನೆಯಲ್ಲಿ ಮೇಳವೂ ಚಿಕ್ಕದಾಗಿ, ಪಿಯಾನೊ ಮತ್ತು ಇನ್ನೊಂದು ವಾದ್ಯಕ್ಕೇ ಸಂಗೀತ ಸೀಮಿತವಾಗಬಹುದು. ಕಾಯ್ದಿರಿಸುವ ಮುನ್ನ ವಾದ್ಯಮೇಳದಲ್ಲಿ ಎಷ್ಟು ಮಂದಿ ಎಂದು ಕೇಳಬೇಕು. 1924ರಲ್ಲಿ ಹುಲಿಯೊ ದೆ ಕಾರೊ ಕಟ್ಟಿದ ಆರು ಮಂದಿಯ ಮೇಳದಲ್ಲಿ ಬಾಂದೊನಿಯೊನ್ ಎಂಬ ತಿದಿವಾದ್ಯ ಎರಡು, ಪಿಟೀಲು ಎರಡು, ಪಿಯಾನೊ ಮತ್ತು ಡಬಲ್ ಬಾಸ್ ಇದ್ದವು. ಆಮೇಲಿನವರೆಲ್ಲ ಅಳತೆಗೋಲಾಗಿ ಹಿಡಿದದ್ದು ಅದನ್ನೇ. ಅದಕ್ಕೆ ಹತ್ತಿರವಿದ್ದರೆ ಸಂಗೀತ ತುಂಬಿ ಬರುತ್ತದೆ. ರೆಕಾರ್ಡ್ ಹಾಕಿ ಕುಣಿಸುವ ಜಾಗವಾದರೆ ಬಿಟ್ಟುಬಿಡುವುದು ಲೇಸು.

ಆಸನದ ವಿಷಯದಲ್ಲಿ ‘ವಿಐಪಿ’ ಎಂಬ ಮಾತಿಗೆ ಮನೆಮನೆಗೂ ಬೇರೆ ಬೇರೆ ಅರ್ಥ. ಒಂದು ಕಡೆ ಮುಂದಿನ ಸಾಲು, ಇನ್ನೊಂದು ಕಡೆ ಮೇಲಂತಸ್ತಿನ ಖಾಸಗಿ ಗೂಡು, ಮತ್ತೊಂದು ಕಡೆ ಬರೀ ಒಳ್ಳೆಯ ವೈನು. ಸಭಾಂಗಣದ ನಕ್ಷೆ ತರಿಸಿಕೊಂಡು ಮೇಜು ಎಲ್ಲಿ ಬರುತ್ತದೆಂದು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ವೇದಿಕೆ ಎತ್ತರವಾಗಿದ್ದರೆ ಅದಕ್ಕೆ ಅಂಟಿಕೊಂಡ ಮೇಜಿನಿಂದ ನರ್ತಕರ ಪಾದಗಳೇ ಮರೆಯಾಗುತ್ತವೆ. ನಾಲ್ಕೈದು ಸಾಲು ಹಿಂದೆ, ನಡುಭಾಗದಲ್ಲಿ ಕೂತವರಿಗೆ ನೋಟ ಚೆನ್ನ. ಮೊದಲ ಅಂತಸ್ತಿನ ಬಾಲ್ಕನಿಯ ಮುಂಚೂಣಿಯನ್ನು ಅನೇಕರು ಕೀಳೆಂದು ಬಿಡುತ್ತಾರೆ. ನೆಲದ ಮೇಲೆ ಜೋಡಿಗಳು ಬರೆಯುವ ವಿನ್ಯಾಸ ಇಡಿಯಾಗಿ ಕಾಣುವುದು ಅಲ್ಲಿಂದಲೇ. ಉದ್ದನೆಯ ಮೇಜುಗಳಲ್ಲಿ ಅಪರಿಚಿತರ ಜೊತೆ ಕೂರಿಸುವ ರೂಢಿಯೂ ಉಂಟು. ಇಬ್ಬರೇ ಕೂರಬೇಕೆಂದಿದ್ದರೆ ಮೊದಲೇ ಹೇಳಬೇಕು.

ಭಾರತದಿಂದ ಹೋಗುವವರು ದಿನವನ್ನು ಆರಿಸುವಾಗ ಗಡಿಯಾರ ನೋಡಿಕೊಳ್ಳಬೇಕು. ಬ್ಯೂನಸ್ ಐರಿಸ್ ಭಾರತಕ್ಕಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಹತ್ತಕ್ಕೆ ಪರದೆ ಎದ್ದಾಗ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಆರೂವರೆ. ರಾತ್ರಿಯಿಡೀ ನಿದ್ದೆಗೆಟ್ಟ ಸ್ಥಿತಿಯಲ್ಲಿ ಮೈ ಇರುತ್ತದೆ. ಬಂದಿಳಿದ ದಿನವೇ ಟಿಕೆಟ್ಟು ತೆಗೆದವರು, ಅದರಲ್ಲೂ ಊಟದ ಜೊತೆ ವೈನು ಕುಡಿದವರು, ಮಂದ ಬೆಳಕಿನಲ್ಲಿ ಎರಡನೆಯ ದೃಶ್ಯಕ್ಕೇ ತೂಕಡಿಸುತ್ತಾರೆ. ಮೂರನೆಯ ಅಥವಾ ನಾಲ್ಕನೆಯ ರಾತ್ರಿ ಸೂಕ್ತ. ಮರುದಿನ ಬೆಳಗಿನ ಜಾವದ ವಿಮಾನವೂ ಇರಬಾರದು. ಇಗುವಾಸು ಜಲಪಾತಕ್ಕೋ ಪ್ಯಾಟಗೋನಿಯಾಕ್ಕೋ ಹೊರಡುವ ಹಿಂದಿನ ರಾತ್ರಿ ಇದನ್ನು ಇಟ್ಟುಕೊಂಡರೆ ಎರಡೂ ಕೆಡುತ್ತವೆ. ಆಗಸ್ಟಿನಲ್ಲಿ ನಗರದ ಟ್ಯಾಂಗೊ ಉತ್ಸವ ಮತ್ತು ವಿಶ್ವ ಸ್ಪರ್ಧೆ ನಡೆಯುವುದರಿಂದ ಆಗ ಬೇಗನೆ ಕಾಯ್ದಿರಿಸಬೇಕು. ಅದು ಅಲ್ಲಿ ಚಳಿಗಾಲ, ಕೋಟು ಬೇಕಾಗುತ್ತದೆ.

ಊಟ ಸಾಮಾನ್ಯವಾಗಿ ಮೂರು ಸುತ್ತಿನದು. ಮೊದಲು ಎಂಪನಾದ ಎಂಬ ಹೂರಣದ ಕಡುಬೋ ಪ್ರೊವೊಲೆತಾ ಎಂಬ ಸುಟ್ಟ ಚೀಸೋ, ನಡುವೆ ಮುಖ್ಯ ತಿನಿಸು, ಕೊನೆಗೆ ಸಿಹಿ. ಮುಖ್ಯ ತಿನಿಸಿನಲ್ಲಿ ಗೋಮಾಂಸದ್ದೇ ಪಾರುಪತ್ಯ. ಬಿಫೆ ದೆ ಚೊರೀಸೊ, ಓಹೊ ದೆ ಬಿಫೆ, ಲೋಮೊ ಎಂದು ಪಟ್ಟಿಯಲ್ಲಿರುವುದೆಲ್ಲ ದನದ ಮಾಂಸದ ಭಾಗಗಳೇ. ಕೋಳಿ, ಸಾಲ್ಮನ್ ಮೀನು, ಪಾಸ್ತಾ ಬದಲಿ ಆಯ್ಕೆಗಳು. ಜೊತೆಗೆ ಮೆಂದೋಸಾ ಪ್ರಾಂತ್ಯದ ಮಾಲ್ಬೆಕ್ ಕೆಂಪು ವೈನು. ಕುಡಿಯದವರಿಗೆ ತಂಪು ಪಾನೀಯ, ನೀರು ಇವೆ. ನೀರು ತರುವವರು ‘ಕೊನ್ ಗಾಸ್’ ಎಂದರೆ ಸೋಡಾ, ‘ಸಿನ್ ಗಾಸ್’ ಎಂದರೆ ಸಾದಾ ನೀರು.

ಸಸ್ಯಾಹಾರಿಗಳು, ಗೋಮಾಂಸ ತಿನ್ನದವರು ಇಲ್ಲಿ ತುಸು ಶ್ರಮ ವಹಿಸಲೇಬೇಕು. ‘ಕಾರ್ನೆ’ ಬೇಡ ಎಂದರೆ ದನದ ಮಾಂಸ ಬೇಡವೆಂದಷ್ಟೇ ಬಾಣಸಿಗ ತಿಳಿದು ಕೋಳಿಯನ್ನೋ ಹಂದಿಯ ಹಮೋನನ್ನೋ ಹಾಕಿ ಕೊಟ್ಟಾನು, ಅದರಲ್ಲಿ ಅವನ ತಪ್ಪೂ ಇಲ್ಲ. ‘ಸಿನ್ ಕಾರ್ನೆ, ಸಿನ್ ಪೊಶೊ, ಸಿನ್ ಪೆಸ್ಕಾದೊ, ಸಿನ್ ಹಮೋನ್’ ಎಂದು ದನ, ಕೋಳಿ, ಮೀನು, ಹಂದಿ ನಾಲ್ಕನ್ನೂ ಬಿಡಿಸಿ ಹೇಳಬೇಕು, ಕಾಯ್ದಿರಿಸುವಾಗಲೇ ಬರೆದು ಕಳಿಸಬೇಕು. ಜೋಳದ ಹೂರಣದ ಎಂಪನಾದ ನೋಡಲು ಶಾಕಾಹಾರಿ. ಆದರೆ ಕಣಕಕ್ಕೆ ದನದ ಕೊಬ್ಬು ಹಾಕಿ ನಾದುವುದು ಅಲ್ಲಿನ ಹಳೆಯ ಪದ್ಧತಿ, ಕೇಳದೆ ಮುಟ್ಟುವಂತಿಲ್ಲ. ದುಂಡಗಿನ ಸೊರೆಂತೀನೊ ಪಾಸ್ತಾದೊಳಗೆ ಚೀಸಿನ ಜೊತೆ ಹಮೋನ್ ಇರುವುದೇ ಹೆಚ್ಚು. ರಿಕೋತಾ ಮತ್ತು ಪಾಲಕ್ ತುಂಬಿದ ರವಿಯೋಲಿ, ಟೊಮೇಟೊ ಸಾರಿನ ನ್ಯೋಕಿ, ಬರೀ ಚೀಸಿನ ಪ್ರೊವೊಲೆತಾ ವಾಸಿ. ಫ್ಲಾನ್ ಎಂಬ ಸಿಹಿಯಲ್ಲಿ ಮೊಟ್ಟೆ ಇದೆ. ಹಾಲು ಸಕ್ಕರೆಯನ್ನು ಕಾಯಿಸಿ ಕಾಯಿಸಿ ಮಾಡುವ ದುಲ್ಸೆ ದೆ ಲೆಚೆಯಲ್ಲಿ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ತಟ್ಟೆಗೆ ಬರುವುದು ಒಂದು ಪಾಸ್ತಾ ಎಂದಾದರೆ, ಊಟದ ಟಿಕೆಟ್ಟಿನ ಹೆಚ್ಚುವರಿ ಹಣ ದಂಡ. ಏಳೂವರೆಗೆ ಹೊರಗೆ ಪಿಜ್ಜಾ ಮತ್ತು ಕಡಲೆಹಿಟ್ಟಿನ ಫಾಯಿನಾ ತಿಂದು, ಪ್ರದರ್ಶನ ಮಾತ್ರದ ಟಿಕೆಟ್ಟಿನಲ್ಲಿ ಉಳಿದ ದುಡ್ಡನ್ನು ಒಳ್ಳೆಯ ಮೇಜಿಗೆ ಹಾಕುವುದು ಜಾಣತನ.

ಪ್ರದರ್ಶನ ಹೆಚ್ಚಾಗಿ ಕಾಲಕ್ರಮದಲ್ಲಿ ಸಾಗುತ್ತದೆ: ಬಂದರಿನ ಕೇರಿಯ ದೃಶ್ಯ, ವಠಾರದ ಅಂಗಳ, ಟೋಪಿ ಓರೆಯಾಗಿಟ್ಟ ಗಂಡಸರ ಪೈಪೋಟಿ, ಆಮೇಲೆ 1940ರ ದಶಕದ ನೃತ್ಯಶಾಲೆ, ಕೊನೆಯತ್ತ ಸಂಗೀತಕಾರ ಪಿಯಾಸೊಲಾ ಅವರ ರಚನೆಗಳು. ನಡುವೆ ಗಾಯಕರು ಬಂದು ಹಾಡುತ್ತಾರೆ. ಕೆಲವೆಡೆ ಪಾಂಪಾ ಬಯಲಿನ ಗೌಚೊ ಎಂಬ ದನಗಾಹಿಗಳ ಮಾಲಾಂಬೊ ಕುಣಿತವನ್ನೂ, ಹಗ್ಗದ ತುದಿಗೆ ಗುಂಡು ಕಟ್ಟಿ ನೆಲಕ್ಕೆ ತಾಳ ಹಾಕುತ್ತ ಬೀಸುವ ಬೊಲೆಯಾದೊರಾಸ್ ಆಟವನ್ನೂ ಸೇರಿಸುತ್ತಾರೆ. ಇದು ಟ್ಯಾಂಗೊ ಅಲ್ಲ, ಆದರೂ ಸಭೆಗೆ ಹುರುಪು ತರುತ್ತದೆ. ಕೆಲವು ಹಾಡುಗಳನ್ನು ಮೊದಲೇ ಕೇಳಿಕೊಂಡು ಹೋದವರಿಗೆ ಸಂಜೆಯ ಸವಿ ಬೇರೆ. ಮೊಂಟೆವಿಡಿಯೊದ ವಿದ್ಯಾರ್ಥಿ ಹೆರಾರ್ದೊ ಮಾತೋಸ್ ರೊದ್ರೀಗೆಸ್ ರಚಿಸಿದ ‘ಲಾ ಕುಂಪಾರ್ಸೀತಾ’ ಬಹುಪಾಲು ಪ್ರದರ್ಶನಗಳ ಮಂಗಳಗೀತೆ. 1935ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಕಾರ್ಲೋಸ್ ಗಾರ್ದೆಲ್ ಅವರ ‘ಪೊರ್ ಉನಾ ಕಬೇಸಾ’ವನ್ನು ಹಾಲಿವುಡ್ ಚಿತ್ರಗಳಲ್ಲಿ ಕೇಳಿದವರು ಅನೇಕರು. ಒಸ್ವಾಲ್ದೊ ಪುಗ್ಲಿಯೇಸೆಯವರ ‘ಲಾ ಯುಂಬಾ’, ಆಸ್ತೊರ್ ಪಿಯಾಸೊಲಾ ಅವರ 1974ರ ‘ಲಿಬೆರ್ಟಾಂಗೊ’ ಇವನ್ನೂ ಸೇರಿಸಿದರೆ ಸಾಕಷ್ಟಾಯಿತು.

ಮೇಳದ ಜೀವ ಬಾಂದೊನಿಯೊನ್. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯಲ್ಲಿ ರೂಪುಗೊಂಡು, ಕ್ರೆಫೆಲ್ಡ್ ಊರಿನ ವಾದ್ಯವ್ಯಾಪಾರಿ ಹೈನ್ರಿಷ್ ಬಾಂಡ್ ಹೆಸರು ಹೊತ್ತು, ಹಡಗೇರಿ ಬಂದ ವಾದ್ಯ ಅದು. ಒಳಗಿರುವುದು ನಮ್ಮ ಹಾರ್ಮೋನಿಯಮ್ಮಿನಂತೆಯೇ ಗಾಳಿಗೆ ನಡುಗುವ ಲೋಹದ ರೀಡುಗಳು. ಆದರೆ ಕೀಲಿಗಳ ಸಾಲಿನ ಬದಲು 71 ಗುಂಡಿಗಳು, ಬಲಗೈಗೆ 38, ಎಡಗೈಗೆ 33. ತಿದಿ ಹಿಗ್ಗುವಾಗ ಒಂದು ಸ್ವರ ಕೊಡುವ ಗುಂಡಿ ಕುಗ್ಗುವಾಗ ಸಾಮಾನ್ಯವಾಗಿ ಬೇರೆಯೇ ಸ್ವರ ಕೊಡುತ್ತದೆ. ವಾದಕ ತೊಡೆಯ ಮೇಲೆ ಬಟ್ಟೆ ಹಾಸಿ, ವಾದ್ಯವನ್ನು ಮಂಡಿಯ ಮೇಲೆ ಬಾಗಿಸಿ ಬಿಡುತ್ತಾನೆ. ತಿದಿಯ ಎರಡು ಬದಿಯ ಪೆಟ್ಟಿಗೆಗಳು ತಮ್ಮ ಭಾರಕ್ಕೆ ತಾವೇ ಇಳಿದು ತಿದಿ ತೆರೆದುಕೊಳ್ಳುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಅಪ್ಪಳಿಸಿದಾಗ ಸ್ವರಕ್ಕೊಂದು ಪೆಟ್ಟು ಬೀಳುತ್ತದೆ. ಆ ಪೆಟ್ಟಿನಲ್ಲೇ ನರ್ತಕಿಯ ಕಾಲು ಜೊತೆಗಾರನ ಮಂಡಿಯ ಸುತ್ತ ಕೊಕ್ಕೆಯಂತೆ ಸುತ್ತಿ ಬಿಡುವುದನ್ನು ನೋಡಬೇಕು. ನೃತ್ಯ ಮತ್ತು ವಾದ್ಯ ಒಂದನ್ನೊಂದು ಹೇಗೆ ಹಿಡಿದಿವೆ ಎಂದು ಅರ್ಥವಾಗುವುದು ಆಗ. ಧ್ವನಿಮುದ್ರಣದಲ್ಲಿ ಇದು ಸಿಗುವುದಿಲ್ಲ. ಇಷ್ಟು ದೂರ ಹೋಗುವುದು ಇದಕ್ಕಾಗಿಯೇ.

ಅರ್ಜೆಂಟೀನಾದಲ್ಲಿ ಹಣದುಬ್ಬರ ಹೆಚ್ಚಿರುವುದರಿಂದ ಟಿಕೆಟ್ಟಿನ ಬೆಲೆಯನ್ನು ಡಾಲರಿನಲ್ಲಿ ಹೇಳುವುದು ವಾಡಿಕೆ. ಮನೆಯ ಸ್ವಂತ ಜಾಲತಾಣ, ಹೋಟೆಲಿನ ಮೇಜು, ಏಜೆಂಟರು, ಮೂರೂ ಕಡೆ ವಿಚಾರಿಸಿ ನೋಡಬೇಕು. ಕಾರ್ಡಿನಲ್ಲಿ ಕೊಟ್ಟರೆ ಯಾವ ದರ, ವ್ಯಾನು ಸೇರಿದೆಯೇ, ಪಾನೀಯಕ್ಕೆ ಮಿತಿಯಿದೆಯೇ ಎಂದು ಮೊದಲೇ ತಿಳಿದಿರಬೇಕು. ಊಟ ಬಡಿಸಿದವರಿಗೆ ನೂರಕ್ಕೆ ಹತ್ತರಷ್ಟು ಭಕ್ಷೀಸು ಕೊಡುವ ಪದ್ಧತಿಯಿದೆ. ಉಡುಪಿಗೆ ಕಟ್ಟುನಿಟ್ಟಿಲ್ಲ, ಆದರೆ ಚಡ್ಡಿ, ಚಪ್ಪಲಿ ಸಲ್ಲದು. ಸೀರೆ, ಕುರ್ತಾ ಎರಡೂ ಸಭೆಗೆ ಒಪ್ಪುತ್ತವೆ. ಫ್ಲ್ಯಾಷ್ ಹಾಕಿ ಫೋಟೊ ತೆಗೆದರೆ ಎತ್ತುಗೆಯ ನಡುವಿನ ನರ್ತಕರಿಗೆ ಅಪಾಯ, ವಿಡಿಯೊಗೆ ಹಲವೆಡೆ ನಿಷೇಧವಿದೆ. ಪ್ರದರ್ಶನ ಬಿಡುವ ಹೊತ್ತಿಗೆ ಸುಬ್ತೆ ಎಂಬ ನೆಲದಡಿಯ ರೈಲು ಸಾಮಾನ್ಯವಾಗಿ ನಿಂತಿರುತ್ತದೆ. ವ್ಯಾನಿಲ್ಲದವರು ಮನೆಯವರಿಂದಲೇ ಟ್ಯಾಕ್ಸಿ ತರಿಸಿಕೊಳ್ಳಬೇಕು ಇಲ್ಲವೇ ಆ್ಯಪ್‌ನಲ್ಲಿ ಕರೆಸಿಕೊಳ್ಳಬೇಕು. ಬಾರಾಕಾಸ್, ಸಾನ್ ತೆಲ್ಮೊಗಳ ಖಾಲಿ ಬೀದಿಗಳಲ್ಲಿ ಆ ಹೊತ್ತಿನಲ್ಲಿ ಫೋನು ಕೈಯಲ್ಲಿ ಹಿಡಿದು ನಡೆಯುವುದು ಬೇಡ.

ಅದೇ ದಿನದ ಹಗಲಿನಲ್ಲಿ ಆಬಾಸ್ತೊದ ಗಾರ್ದೆಲ್ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳಬಹುದು. ಗಾರ್ದೆಲ್ ತಾಯಿಯೊಂದಿಗೆ ಇದ್ದ ಮನೆಯೇ ಅದು. ಇನ್ನೊಂದು ರಾತ್ರಿ ಬಿಡುವಿದ್ದರೆ, ಊರಿನವರೇ ಕುಣಿಯುವ ಮಿಲೊಂಗಾ ಕೂಟಕ್ಕೆ ಹೋಗಬೇಕು. ಪಲೆರ್ಮೊದ ಸಲೋನ್ ಕ್ಯಾನಿಂಗ್, ಲಾ ವಿರೂತಾ ಹೆಸರಾಂತವು, ಪ್ರವೇಶಧನ ಟ್ಯಾಂಗೊ ಮನೆಯ ಟಿಕೆಟ್ಟಿನ ಸಣ್ಣ ಪಾಲಷ್ಟೇ. ಅಲ್ಲಿ ಎತ್ತುಗೆಯಿಲ್ಲ, ವೇಷವಿಲ್ಲ. ದೂರದಿಂದ ಕಣ್ಣುಸನ್ನೆಯಲ್ಲೇ ಜೊತೆಗಾರರನ್ನು ಕರೆಯುತ್ತಾರೆ, ಮೂರು ನಾಲ್ಕು ಹಾಡುಗಳ ಸರಣಿ ಮುಗಿದಾಗ ಜೋಡಿ ಬಿಡುತ್ತದೆ. ಕುಣಿಯದವರು ಬದಿಯ ಮೇಜಿನಲ್ಲಿ ಕೂತು ನೋಡಬಹುದು, ಆದರೆ ನೃತ್ಯದ ನೆಲವನ್ನು ದಾಟಿಕೊಂಡು ಓಡಾಡಬಾರದು. ರಾತ್ರಿಯ ಮಿಲೊಂಗಾಗಳಲ್ಲಿ ಹನ್ನೊಂದಕ್ಕೆ ಮುಂಚೆ ನೆಲ ಬಹುಮಟ್ಟಿಗೆ ಖಾಲಿ. ಮೊದಲಿನ ಗಂಟೆಗಳಲ್ಲಿ ಹೊಸಬರಿಗೆ ಪಾಠ ನಡೆಯುವುದರಿಂದ ಹೆಜ್ಜೆ ಕಲಿಯಬೇಕೆಂದಿರುವವರು ಆಗಲೇ ಹೋಗಬಹುದು.